ಆಟದ ಮಾತು: ಕ್ಯಾಪ್ಟನ್‌ಗಳಲ್ಲಿ ದೊಡ್ಡವರು ಯಾರು?

ಮಡಿಕೇರಿಯಲ್ಲಿ ಮಳೆ ಹಿಡಿದಿದೆ. ಮೈದಾನದಲ್ಲಿ ನೀರು ನಿಂತಿದೆ, ಹುಡುಗರೆಲ್ಲ ಅಂಗಡಿ ಕಟ್ಟೆಗಳಲ್ಲಿ ಕೂತಿದ್ದಾರೆ. ಆಡೋಕೆ ಆಗದಿದ್ದಾಗ ಆಟದ ಮಾತು ಜಾಸ್ತಿ ಆಗುತ್ತದೆ ಅಲ್ವಾ. ಕಳೆದ ಸಂಚಿಕೆಯಲ್ಲಿ ನಾನು "ಕಪ್ ಎಣಿಸಿ ಕ್ಯಾಪ್ಟನ್‌ನನ್ನು ಅಳೆಯಬೇಡಿ" ಅಂತ ಒಂದೇ ಸಾಲು ಬರೆದಿದ್ದೆ. ಅದಕ್ಕೆ ಜಿಲ್ಲೆಯ ಮೂಲೆಮೂಲೆಯಿಂದ ಪತ್ರ ಬಂದಿವೆ. ಈ ಸಲ ಬೇರೆ ಯಾವ ಪ್ರಶ್ನೆಯನ್ನೂ ತೆಗೆದುಕೊಂಡಿಲ್ಲ, ಪೂರ್ತಿ ಫುಟ್‌ಬಾಲ್ ಕ್ಲಬ್ ಕ್ಯಾಪ್ಟನ್‌ಗಳದ್ದೇ.

ಪ್ರಶ್ನೆ: ಸಾರ್, ನಮ್ಮಲ್ಲಿ ದಿನಾ ಇದೇ ಜಗಳ. ನಾನು ಲಿವರ್‌ಪೂಲ್‌ನ ಜೆರಾರ್ಡ್ ಅನ್ನುತ್ತೇನೆ. ಗೆಳೆಯ ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್ ಅನ್ನುತ್ತಾನೆ. ನನ್ನ ಮಾವ ಮಾತ್ರ "ಮಿಲಾನ್‌ನ ಬರೇಸಿ ಆಟ ನೋಡದವರು ಸುಮ್ನೆ ಇರಿ" ಅನ್ನುತ್ತಾರೆ. ಬೇರೆ ಬೇರೆ ಕಾಲದವರನ್ನು ಹೋಲಿಸೋಕೆ ಆಗುತ್ತಾ? ಆಗುವುದಾದರೆ ಯಾರು ದೊಡ್ಡವರು?
(ಕಾಲೇಜು ವಿದ್ಯಾರ್ಥಿ, ಸುಂಟಿಕೊಪ್ಪ)

ಉತ್ತರ: ಹೋಲಿಸೋಕೆ ಆಗುತ್ತದೆ. ಆದರೆ ಮೊದಲು ಆಯಾ ಕಾಲದ ಆಟ ಹೇಗಿತ್ತು ಅಂತ ನೋಡಬೇಕು. 1961ರಲ್ಲಿ ಡ್ಯಾನಿ ಬ್ಲ್ಯಾಂಚ್‌ಫ್ಲವರ್ ಕ್ಯಾಪ್ಟನ್ ಆಗಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ ಒಂದೇ ವರ್ಷ ಲೀಗನ್ನೂ, ಸೋತವರು ಹೊರಗೆ ಅನ್ನೋ ಎಫ್‌ಎ ಕಪ್ಪನ್ನೂ ಗೆದ್ದಿತು. ಆ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಆಗ ಇಂಗ್ಲಿಷ್ ಲೀಗಿನಲ್ಲಿ ಬದಲಿ ಆಟಗಾರ ಅನ್ನೋದೇ ಇರಲಿಲ್ಲ, ಅದು ಬಂದದ್ದು 1965ರಲ್ಲಿ. ಒಬ್ಬನ ಕಾಲು ಮುರಿದರೆ ಉಳಿದ ಹತ್ತು ಮಂದಿಯೇ ಆಟ ಮುಗಿಸಬೇಕು. ಯಾರನ್ನು ಎಲ್ಲಿಗೆ ಸರಿಸಬೇಕು, ಯಾರು ಹಿಂದೆ ಬರಬೇಕು, ಇದನ್ನೆಲ್ಲ ಮೈದಾನದಲ್ಲಿ ನಿಂತವನೇ ಆ ಕ್ಷಣಕ್ಕೆ ನೋಡಿಕೊಳ್ಳಬೇಕಿತ್ತು. ಈಗ ಐದು ಬದಲಿ ಇದೆ. ಇವತ್ತಿನ ಕ್ಯಾಪ್ಟನ್ ಕೈಲಿ ಅಷ್ಟು ಕೆಲಸ ಇಲ್ಲ, ಹಾಗಂತ ಅವನು ಚಿಕ್ಕವನಾಗುವುದೂ ಇಲ್ಲ.

ಹಾಗಾಗಿ ನಾನು ಯಾವ ಕಾಲದವನೇ ಆಗಲಿ ಇಷ್ಟು ಮಾತ್ರ ಕೇಳುತ್ತೇನೆ. ಅವನ ಕೈಗೆ ಬಂದಾಗ ತಂಡ ಹೇಗಿತ್ತು, ಎಲ್ಲ ಕೈ ಮೀರಿದ ದಿನ ಅವನು ಏನು ಮಾಡಿದ, ಆಮೇಲೆ ಹೋಗುವಾಗ ಏನು ಬಿಟ್ಟು ಹೋದ.

ನಿಮ್ಮ ಗೆಳೆಯನ ರಾಯ್ ಕೀನ್ ಎರಡನೇ ಪ್ರಶ್ನೆಯಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುತ್ತಾನೆ. 1999ರ ಏಪ್ರಿಲ್ 21, ಟುರಿನ್, ಯುವೆಂಟಸ್ ಮೇಲೆ ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್. ಹನ್ನೊಂದು ನಿಮಿಷದೊಳಗೆ ಯುವೆಂಟಸ್‌ನ ಇನ್ಜಾಗಿ ಎರಡು ಗೋಲು ಹೊಡೆದ. ಮ್ಯಾಂಚೆಸ್ಟರ್ ಯುನೈಟೆಡ್ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. 24ನೇ ನಿಮಿಷಕ್ಕೆ ಬೆಕ್‌ಹ್ಯಾಮ್‌ನ ಕಾರ್ನರ್‌ಗೆ ತಲೆ ಕೊಟ್ಟು ಕೀನ್ ಒಂದು ಗೋಲು ತಂದ. ಹತ್ತು ನಿಮಿಷ ಆಗುವುದರೊಳಗೆ ಜಿದಾನ್ ಮೇಲೆ ಫೌಲ್, ಹಳದಿ ಕಾರ್ಡ್. ಹಿಂದಿನ ಕಾರ್ಡ್ ಜೊತೆ ಇದೂ ಸೇರಿ ಮುಂದಿನ ಪಂದ್ಯಕ್ಕೆ ಅಮಾನತು, ಅಂದರೆ ತಂಡ ಗೆದ್ದರೂ ಫೈನಲ್ ಅವನಿಗಿಲ್ಲ. ಅದು ಗೊತ್ತಿದ್ದೇ ಅವನು ಉಳಿದ ಒಂದು ಗಂಟೆ ಆಡಿದ. ಆ ಪಂದ್ಯವನ್ನು ಸಿಕ್ಕಿದರೆ ಇವತ್ತೂ ನೋಡಿ, ಗೋಲುಗಳನ್ನಲ್ಲ, ಬರೀ ಕೀನ್‌ನನ್ನು ನೋಡಿ. ಕಾರ್ಡ್ ಬಿದ್ದ ಮೇಲೆ ಅವನ ಓಟ ಒಂದು ಚೂರೂ ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿ ಆಯಿತು. ಯುನೈಟೆಡ್ 3-2ರಲ್ಲಿ ಗೆದ್ದಿತು. ತನಗೆ ಸಿಗದ ಫೈನಲ್‌ಗಾಗಿ ಒಬ್ಬ ಮನುಷ್ಯ ಅಷ್ಟು ಓಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಮೂರನೇ ಪ್ರಶ್ನೆಗೆ ಬಂದಾಗ ಮನಸ್ಸಿಗೆ ಬೇಸರ ಆಗುತ್ತದೆ. 2005ರಲ್ಲಿ ಕ್ಲಬ್ಬಿನ ಟಿವಿಗೆ ಮಾತಾಡುತ್ತಾ ಜೊತೆಯ ಆಟಗಾರರನ್ನೇ ಕಟುವಾಗಿ ಟೀಕಿಸಿದ, ನವೆಂಬರ್‌ನಲ್ಲಿ ಕ್ಲಬ್ ಬಿಟ್ಟ. ಅಷ್ಟು ವರ್ಷ ತಂಡ ಕಟ್ಟಿದವನು ಹೋಗಬೇಕಾದ ರೀತಿ ಅದಲ್ಲ.

ಟೋನಿ ಆಡಮ್ಸ್ ಹೆಸರನ್ನು ನಿಮ್ಮಲ್ಲಿ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 1988ರ ಜನವರಿಯಲ್ಲಿ ಆರ್ಸೆನಲ್ ಕ್ಯಾಪ್ಟನ್ ಆದಾಗ ಅವನಿಗೆ 21 ವರ್ಷ. 1989, 1991, 1998, 2002, ನಾಲ್ಕು ಲೀಗ್. ಮೂರು ಬೇರೆ ಬೇರೆ ದಶಕದಲ್ಲಿ ಒಬ್ಬನೇ ಕ್ಯಾಪ್ಟನ್, ಒಂದೇ ಕ್ಲಬ್. ನಡುವೆ ಕುಡಿದು ಕಾರು ಓಡಿಸಿ ಜೈಲಿಗೂ ಹೋದ. 1996ರಲ್ಲಿ ತನ್ನ ಕುಡಿತದ ಚಟವನ್ನು ತಂಡದವರ ಮುಂದೆ, ಆಮೇಲೆ ಜಗತ್ತಿನ ಮುಂದೆ ಒಪ್ಪಿಕೊಂಡ. ಅಲ್ಲಿಂದ ಎದ್ದು ಮತ್ತೆ ಎರಡು ಲೀಗ್ ಗೆದ್ದ, ಚಟಕ್ಕೆ ಬಿದ್ದ ಆಟಗಾರರಿಗಾಗಿ 2000ದಲ್ಲಿ ಚಿಕಿತ್ಸಾಲಯವನ್ನೂ ಶುರು ಮಾಡಿದ. ಅವನ ಕ್ಯಾಪ್ಟನ್ ಪಟ್ಟಿ ಪ್ಯಾಟ್ರಿಕ್ ವಿಯೇರಾ ತೋಳಿಗೆ ಹೋಯಿತು. ಎರಡೇ ವರ್ಷದಲ್ಲಿ, 2003-04ರಲ್ಲಿ, ಆರ್ಸೆನಲ್ 38 ಪಂದ್ಯದಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದಿತು. ಕುಡಿತ ಮನೆಗಳಿಗೆ ಏನು ಮಾಡುತ್ತದೆ ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದನ್ನು ಗೆದ್ದು ಬಂದ ಕ್ಯಾಪ್ಟನ್ ಅನ್ನೋ ಕಾರಣಕ್ಕೇ ನನಗೆ ಆಡಮ್ಸ್ ಮೇಲೆ ಬೇರೆಯೇ ಗೌರವ.

ಆದರೂ ಒಂದೇ ಹೆಸರು ಹೇಳು ಅಂದರೆ ನಾನು ನಿಮ್ಮ ಮಾವನ ಪಕ್ಷ. ಫ್ರಾಂಕೊ ಬರೇಸಿ.

ಕಾರಣ ಹೇಳುತ್ತೇನೆ. 1980ರಲ್ಲಿ ಬೆಟ್ಟಿಂಗ್ ಹಗರಣದಿಂದ ಇಟಲಿಯ ಎಸಿ ಮಿಲಾನ್ ಕ್ಲಬ್ಬನ್ನು ಎರಡನೇ ದರ್ಜೆಗೆ ಇಳಿಸಿದರು. ಮೇಲೆ ಬಂದಿತು, 1982ರಲ್ಲಿ ಮತ್ತೆ ಇಳಿಯಿತು, ಈ ಸಲ ಆಟದಲ್ಲೇ ಸೋತು. ಅಂಥ ಹೊತ್ತಲ್ಲಿ 22 ವರ್ಷದ ಬರೇಸಿಗೆ ಕ್ಯಾಪ್ಟನ್ ಪಟ್ಟಿ ಸಿಕ್ಕಿತು. ಅದೇ ಬೇಸಿಗೆಯಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿ ಇದ್ದ ಹುಡುಗ ಅವನು, ಆಡೋಕೆ ಅವಕಾಶ ಸಿಗದಿದ್ದರೂ. ಆಗಿನ ಕಾಲದಲ್ಲಿ ಆಟಗಾರ ಕ್ಲಬ್ ಬಿಡುವುದು ಈಗಿನಷ್ಟು ಸುಲಭ ಇರಲಿಲ್ಲ, ಒಪ್ಪಂದ ಮುಗಿದವನು ಬೇರೆ ಕ್ಲಬ್ಬಿಗೆ ಹೋಗಬಹುದು ಅಂದ ಬೋಸ್ಮನ್ ತೀರ್ಪು ಬಂದದ್ದೇ 1995ರ ಕೊನೆಗೆ. ಅದನ್ನು ಲೆಕ್ಕಕ್ಕೆ ಹಿಡಿದರೂ, ಆ ವಯಸ್ಸಲ್ಲಿ ಬಿದ್ದ ಮನೆಯ ಯಜಮಾನಿಕೆ ಹೊತ್ತುಕೊಳ್ಳೋದು ಸಣ್ಣ ಮಾತಲ್ಲ. ಚಿಕ್ಕವನಿದ್ದಾಗ ಅವನನ್ನು ಬೇಡ ಅಂದದ್ದು ಪಕ್ಕದ ಇಂಟರ್ ಮಿಲಾನ್. ಅವನ ಅಣ್ಣ ಜುಸೆಪ್ಪೆಯನ್ನು ಅದೇ ಇಂಟರ್ ತೆಗೆದುಕೊಂಡಿತ್ತು. ಮುಂದೆ ಒಂದೇ ಊರಿನ ಎರಡು ತಂಡಕ್ಕೆ ಅಣ್ಣ ತಮ್ಮ ಇಬ್ಬರೂ ಕ್ಯಾಪ್ಟನ್ ಆದರು.

ಆಮೇಲೆ ಕ್ಲಬ್ಬಿಗೆ ಹಣ ಬಂತು, ಸಾಕಿ ಅನ್ನೋ ಕೋಚ್ ಬಂದರು, ಡಚ್ ಆಟಗಾರರು ಬಂದರು. ಗೋಲು ಹೊಡೆದವರು ಅವರೇ, ಫೋಟೋದಲ್ಲಿ ಇರುವವರೂ ಅವರೇ. ಆದರೆ ಹಿಂದೆ ನಾಲ್ಕು ಡಿಫೆಂಡರ್‌ಗಳು ಒಂದೇ ಗೆರೆಯಲ್ಲಿ ಮುಂದೆ ಸರಿಯುವುದು, ಎದುರಾಳಿ ಅವರ ಹಿಂದೆ ಸಿಕ್ಕಿಬಿದ್ದು ಆಫ್‌ಸೈಡ್ ಆಗುವುದು, ಆ ಕ್ಷಣಕ್ಕೆ ಬರೇಸಿಯ ಕೈ ಮೇಲೆ ಏಳುವುದು, ಇದನ್ನು ನೋಡಬೇಕು. ಒಂದು ಹೆಜ್ಜೆ ತಡವಾದರೆ ಗೋಲು. ಉಳಿದ ಮೂವರೂ ಅವನ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಟ್ಟರೆ ಮಾತ್ರ ಅದು ಸಾಧ್ಯ. 1989, 1990 ಎರಡು ವರ್ಷ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಅವನ ಕೈಗೆ ಬಂತು. 1990ರವರೆಗೆ ಕೀಪರ್ ಸೇರಿ ಕೊನೆಯಿಂದ ಎರಡನೇ ಎದುರಾಳಿಗೆ ಸಮನಾಗಿ ನಿಂತವನೂ ಆಫ್‌ಸೈಡ್, ಆಮೇಲೆ ನಿಯಮ ಬದಲಾಗಿ ಸಮನಾಗಿ ನಿಂತವನಿಗೆ ವಿನಾಯಿತಿ ಸಿಕ್ಕಿತು. 1992ರಲ್ಲಿ ಕೀಪರ್‌ಗೆ ಬ್ಯಾಕ್‌ಪಾಸ್ ಕೊಟ್ಟರೆ ಅವನು ಕೈಯಲ್ಲಿ ಹಿಡಿಯುವ ಹಾಗಿಲ್ಲ ಅಂತಾಯಿತು. ಎರಡೂ ಡಿಫೆಂಡರ್‌ಗಳಿಗೆ ಕಷ್ಟದ ನಿಯಮಗಳೇ. ಇವೆರಡರ ನಡುವೆ 1991-92ರಲ್ಲಿ ಮಿಲಾನ್ 34 ಲೀಗ್ ಪಂದ್ಯದಲ್ಲಿ ಒಂದನ್ನೂ ಸೋಲಲಿಲ್ಲ. ಸೋಲದ ಆ ಸಾಲು 58 ಪಂದ್ಯಕ್ಕೆ ಬೆಳೆಯಿತು. ನಿಯಮ ಬದಲಾದಾಗಲೂ ತಂಡವನ್ನು ಕೆಡದಂತೆ ನಡೆಸಿದವನು ಅಂದರೆ ಬೇರೆ ಕಾಲದ ಹೋಲಿಕೆಗೆ ಅವನಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1997ರಲ್ಲಿ ಅವನು ಆಟ ನಿಲ್ಲಿಸಿದಾಗ ಕ್ಲಬ್ ಆರನೇ ನಂಬರ್ ಜರ್ಸಿಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಪಟ್ಟಿ ಹೋದದ್ದು ಪಾವ್ಲೊ ಮಾಲ್ಡಿನಿಗೆ. ಬರೇಸಿ ಪಕ್ಕದಲ್ಲೇ ಹನ್ನೆರಡು ವರ್ಷ ಆಡಿ ಕಲಿತ ಮಾಲ್ಡಿನಿ ಅದನ್ನು 2009ರವರೆಗೆ ಹೊತ್ತ. ಇಬ್ಬರನ್ನೂ ಸೇರಿಸಿದರೆ ಒಂದು ಕ್ಲಬ್ಬಿಗೆ 27 ವರ್ಷ. ಮಾವನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಈಗ ಎಲ್ಲ ಮ್ಯಾನೇಜರ್ ಕೈಲಿ. ಕ್ಯಾಪ್ಟನ್ ಅಂದರೆ ಟಾಸ್ ಹಾಕೋಕೆ ಮಾತ್ರ ಅಲ್ವಾ?
(ಓದುಗರು, ಸಿದ್ದಾಪುರ)

ಉತ್ತರ: ನಿಯಮದ ಪುಸ್ತಕ ನಿಮ್ಮ ಪರ ಇದೆ. ಕ್ಯಾಪ್ಟನ್‌ಗೆ ವಿಶೇಷ ಹಕ್ಕು ಏನೂ ಇಲ್ಲ, ತಂಡದ ನಡತೆಗೆ ಸ್ವಲ್ಪ ಮಟ್ಟಿಗೆ ಜವಾಬ್ದಾರ ಅಂತಷ್ಟೇ ಅದರಲ್ಲಿದೆ. 2024ರ ಯೂರೋ ಟೂರ್ನಿಯಿಂದ ರೆಫರಿ ಹತ್ತಿರ ಹೋಗಿ ಮಾತಾಡೋದು ಕ್ಯಾಪ್ಟನ್ ಒಬ್ಬನೇ ಅನ್ನೋ ಪದ್ಧತಿ ಬಂತು, ಅದರಿಂದ ಕೆಲಸ ಸ್ವಲ್ಪ ಜಾಸ್ತಿ ಆಗಿದೆ.

ಆದರೆ ನೀವು ತೋಟದ ಊರಿನವರು, ನಿಮಗೆ ಹೀಗೆ ಹೇಳಿದರೆ ಬೇಗ ಗೊತ್ತಾಗುತ್ತದೆ. ಇವತ್ತು ಯಾವ ಬ್ಲಾಕಿನಲ್ಲಿ ಕಾಫಿ ಕುಯ್ಯಬೇಕು ಅಂತ ಹೇಳೋದು ತೋಟದ ಮ್ಯಾನೇಜರ್. ಬರೆದುಕೊಳ್ಳೋದು ರೈಟರ್. ಆದರೆ ಗಿಡದ ಸಾಲಿನ ನಡುವೆ ಆಳುಗಳ ಜೊತೆ ಇರೋದು ಮೇಸ್ತ್ರಿ. ಯಾರಿಗೆ ಜ್ವರ ಇದೆ, ಯಾರು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ, ಯಾರನ್ನು ಯಾರ ಪಕ್ಕ ಹಾಕಿದರೆ ಕೆಲಸ ಸಾಗುತ್ತದೆ, ಅದು ಮೇಸ್ತ್ರಿಗೆ ಮಾತ್ರ ಗೊತ್ತು. ಕ್ಯಾಪ್ಟನ್ ಅಂದರೆ ಆ ಮೇಸ್ತ್ರಿ.

ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಸೆಲ್ಟಿಕ್, 1967ರ ಆ ತಂಡವನ್ನು ನೋಡಿ. ಮ್ಯಾನೇಜರ್ ಜಾಕ್ ಸ್ಟೀನ್ ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಿಸ್ಬನ್‌ನಲ್ಲಿ ಯುರೋಪಿಯನ್ ಕಪ್ ಫೈನಲ್ ದಿನ ಇಂಟರ್ ಮಿಲಾನ್ ಏಳನೇ ನಿಮಿಷಕ್ಕೇ ಪೆನಾಲ್ಟಿ ಗೋಲು ಹೊಡೆದು, ಬಾಗಿಲು ಹಾಕಿ ಕೂತಾಗ, ಮೈದಾನದ ಒಳಗೆ ಇದ್ದದ್ದು ಕ್ಯಾಪ್ಟನ್ ಬಿಲ್ಲಿ ಮೆಕ್‌ನೀಲ್. ತಾಳ್ಮೆ ಕಳೆದುಕೊಳ್ಳದೆ ಒಂದು ಗಂಟೆ ಒತ್ತಿ ಒತ್ತಿ 2-1ರಲ್ಲಿ ಗೆದ್ದರು. ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ಕ್ಲಬ್. ಆ ತಂಡದವರೆಲ್ಲ ಗ್ಲಾಸ್ಗೋದಿಂದ 50 ಕಿಲೋಮೀಟರ್ ಒಳಗೆ ಹುಟ್ಟಿದವರು. ಕೊಡಗಿನ ಒಳಗಿನವರೇ ಹನ್ನೊಂದು ಮಂದಿ ಸೇರಿ ಯುರೋಪ್ ಗೆದ್ದ ಹಾಗೆ ಅಂದುಕೊಳ್ಳಿ.

ಪ್ರಶ್ನೆ: ಜೆರಾರ್ಡ್ ಒಂದು ಲೀಗನ್ನೂ ಗೆದ್ದಿಲ್ಲ. ಮುಖ್ಯವಾದ ಪಂದ್ಯದಲ್ಲಿ ಜಾರಿ ಬಿದ್ದ. ಅವನನ್ನು ಯಾಕೆ ಇಷ್ಟು ಹೊಗಳುತ್ತಾರೆ?
(ಓದುಗರು, ಕುಶಾಲನಗರ)

ಉತ್ತರ: ಕೋಪ ಬೇಡ, ಆದರೆ ಈ ಪ್ರಶ್ನೆ ಕೇಳಿದರೆ ನನಗೆ ನೋವಾಗುತ್ತದೆ. ಜಾರಿದ್ದು ನಿಜ. 2014ರ ಏಪ್ರಿಲ್ 27, ಆನ್‌ಫೀಲ್ಡ್, ಚೆಲ್ಸಿ ಮೇಲೆ. ಡೆಂಬಾ ಬಾ ಚೆಂಡು ಎತ್ತಿಕೊಂಡು ಹೋಗಿ ಗೋಲು ಹೊಡೆದ, ಲಿವರ್‌ಪೂಲ್ 0-2ರಲ್ಲಿ ಸೋತಿತು. ಕೊನೆಗೆ ಎರಡು ಅಂಕದಿಂದ ಲೀಗ್ ಮ್ಯಾಂಚೆಸ್ಟರ್ ಸಿಟಿಗೆ ಹೋಯಿತು. ಆದರೆ ಒಂದು ಹೆಜ್ಜೆ ಜಾರಿದ್ದಕ್ಕೆ ಹನ್ನೆರಡು ವರ್ಷದ ಕ್ಯಾಪ್ಟನ್‌ಗಿರಿಯನ್ನು ಅಳಿಸಿ ಹಾಕೋದು ನ್ಯಾಯವಲ್ಲ.

2005ರ ಮೇ 25ರ ರಾತ್ರಿ ನೆನಪಿದೆಯಾ? ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಲಿವರ್‌ಪೂಲ್ ಎದುರಿಗೆ ಎಸಿ ಮಿಲಾನ್. ನಮಗೆ ಆಟ ಶುರುವಾದದ್ದು ಮಧ್ಯರಾತ್ರಿ ದಾಟಿದ ಮೇಲೆ. ನಾವು ಆರು ಜನ ಒಬ್ಬರ ಮನೆಯಲ್ಲಿ ಕೂತಿದ್ದೆವು. ಮೊದಲ ನಿಮಿಷಕ್ಕೇ ಮಾಲ್ಡಿನಿ ಗೋಲು, ಆಮೇಲೆ ಕ್ರೆಸ್ಪೊ ಎರಡು. ಅರ್ಧ ಆಟಕ್ಕೆ 0-3. ಇಬ್ಬರು ಟಾರ್ಚ್ ಹಿಡಿದು ಮನೆಗೆ ಹೋದರು. 54ನೇ ನಿಮಿಷಕ್ಕೆ ಜೆರಾರ್ಡ್ ತಲೆಯಿಂದ ಗೋಲು ಹೊಡೆದ. ಗೋಲಿಗಿಂತ ಆಮೇಲೆ ಅವನು ಎರಡೂ ಕೈ ಮೇಲೆತ್ತಿ "ಏಳಿ" ಅನ್ನುವ ಹಾಗೆ ಬೀಸುತ್ತಾ ಹಿಂದಕ್ಕೆ ಓಡಿದ್ದು ನೆನಪಿದೆ. ಆರು ನಿಮಿಷದಲ್ಲಿ 3-3. ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದರು. ಅದರಲ್ಲೂ ಕೊನೆ ಹೊತ್ತಲ್ಲಿ ಅವನು ಬಲಗಡೆ ಡಿಫೆನ್ಸ್‌ಗೆ ಹೋಗಿ ನಿಂತ, ಅಲ್ಲಿ ಮಿಲಾನ್‌ನ ಸೆರ್ಜಿನ್ಯೊ ತೊಂದರೆ ಕೊಡುತ್ತಿದ್ದ. ಅದು ಅವನ ಜಾಗವೇ ಅಲ್ಲ. ಮರುವರ್ಷ ಎಫ್‌ಎ ಕಪ್ ಫೈನಲ್‌ನಲ್ಲಿ ವೆಸ್ಟ್‌ಹ್ಯಾಮ್ ಮೇಲೆ ಆಟ ಮುಗಿಯೋ ಹೊತ್ತಿಗೆ ದೂರದಿಂದ ಹೊಡೆದು 3-3 ಮಾಡಿದ ಗೋಲನ್ನೂ ನೋಡಿ. ಅವನ ಹಿಂದೆ ಇದ್ದ ತಂಡ ಕೀನ್‌ಗೆ ಸಿಕ್ಕಿದ ಹಾಗೆ ಇರಲಿಲ್ಲ. ಲೀಗ್ ಅನ್ನೋದು 38 ಪಂದ್ಯ, ಅದನ್ನು ಒಬ್ಬ ಎಳೆಯೋಕೆ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಶಾಲೆಯ ಫುಟ್‌ಬಾಲ್ ತಂಡಕ್ಕೆ ಅವಳನ್ನು ಕ್ಯಾಪ್ಟನ್ ಮಾಡಿದ್ದಾರೆ. ತುಂಬಾ ಮೌನಿ. ಕೂಗಾಡೋಕೆ ಬರುವುದಿಲ್ಲ, ಬಿಟ್ಟುಬಿಡುತ್ತೇನೆ ಅಂತ ಅಳುತ್ತಾಳೆ. ಏನು ಹೇಳಲಿ?
(ಒಬ್ಬ ತಾಯಿ, ವಿರಾಜಪೇಟೆ)

ಉತ್ತರ: ಅಮ್ಮಾ, ಈ ಪತ್ರ ಓದಿ ತುಂಬಾ ಖುಷಿಯಾಯಿತು. ಕೂಗಾಟಕ್ಕೂ ಕ್ಯಾಪ್ಟನ್‌ಗೂ ಸಂಬಂಧ ಇಲ್ಲ ಅಂತ ಹೇಳಿ. ಬಯರ್ನ್ ಮ್ಯೂನಿಕ್‌ನ ಫಿಲಿಪ್ ಲಾಮ್ ಸಣ್ಣ ಆಳು, ಮೆತ್ತಗಿನ ಮಾತು. ಇಡೀ ವೃತ್ತಿಜೀವನದಲ್ಲಿ ಒಂದೂ ಕೆಂಪು ಕಾರ್ಡ್ ಇಲ್ಲ. 2013ರಲ್ಲಿ ಅವನು ಕ್ಯಾಪ್ಟನ್ ಆಗಿ ಬಯರ್ನ್ ಒಂದೇ ವರ್ಷ ಮೂರು ದೊಡ್ಡ ಕಪ್ ಗೆದ್ದಿತು.

ಬಾರ್ಸಿಲೋನಾದ ಕಾರ್ಲೆಸ್ ಪುಯೋಲ್ ಕತೆಯನ್ನೂ ಹೇಳಿ, ಮಕ್ಕಳಿಗೆ ಇಷ್ಟವಾಗುತ್ತದೆ. 2011ರ ಚಾಂಪಿಯನ್ಸ್ ಲೀಗ್ ಫೈನಲ್, ವೆಂಬ್ಲಿ. ತಂಡದ ಎರಿಕ್ ಅಬಿಡಾಲ್‌ಗೆ ಮಾರ್ಚ್‌ನಲ್ಲಿ ಲಿವರ್ ಗಡ್ಡೆಯ ಆಪರೇಷನ್ ಆಗಿತ್ತು. ಮೇ ತಿಂಗಳಲ್ಲಿ ಅವನು ಆ ಫೈನಲ್ ಪೂರ್ತಿ ಆಡಿದ. ಪುಯೋಲ್ ಕೊನೆಯಲ್ಲಿ ಬದಲಿಯಾಗಿ ಇಳಿದಿದ್ದ. ಕಪ್ ಎತ್ತುವ ಹೊತ್ತಿಗೆ ಪಟ್ಟಿಯನ್ನು ಅಬಿಡಾಲ್ ತೋಳಿಗೆ ಹಾಕಿ ಅವನನ್ನೇ ಮುಂದೆ ಕಳಿಸಿದ. ಅದಕ್ಕೆ ಒಂದು ಮಾತೂ ಬೇಕಾಗಲಿಲ್ಲ. ಮರುವರ್ಷ ರಾಯೊ ವಲ್ಲೆಕಾನೊ ತಂಡದ ಮೇಲೆ ಬಾರ್ಸಿಲೋನಾ 7-0ರಲ್ಲಿ ಗೆಲ್ಲುವಾಗ ಗೋಲು ಹೊಡೆದ ಹುಡುಗರು ಕುಣಿಯೋಕೆ ಶುರು ಮಾಡಿದರು. ಪುಯೋಲ್ ಓಡಿ ಬಂದು ಅವರನ್ನು ಎಳೆದುಕೊಂಡು ಹೋದ. ಸೋಲುತ್ತಿರುವವರ ಮುಂದೆ ಹಾಗೆ ಕುಣಿಯೋದು ಅವನಿಗೆ ಸರಿ ಕಾಣಲಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮ ಲೈನ್ ಮನೆ ಹುಡುಗರ ತಂಡದಲ್ಲಿ ನಾನು ಲೆಫ್ಟ್ ಬ್ಯಾಕ್. ಒಂದು ಪಂದ್ಯದಲ್ಲಿ ನನ್ನ ತಪ್ಪಿನಿಂದ ಎರಡು ಗೋಲು ಬಿತ್ತು. ಹೊರಗೆ ನಿಂತವರು ನನ್ನ ಹೆಸರು ಹಿಡಿದು ಬೈಯುತ್ತಿದ್ದರು. ನಮ್ಮ ಕ್ಯಾಪ್ಟನ್ ಅಣ್ಣ ಮುಂದೆ ಆಡುವವರು, ತಂಡದಲ್ಲಿ ಗೋಲು ಹೊಡೆಯುವವರೇ ಅವರು. ಹತ್ತಿರ ಬಂದು "ನೀ ಮುಂದೆ ಹೋಗು, ಇಲ್ಲಿ ನಾ ನೋಡ್ಕೊಳ್ತೀನಿ" ಅಂದರು. ಅಷ್ಟೇ. ಆಟ ಮುಗಿಯೋವರೆಗೆ ನನ್ನ ಜಾಗದಲ್ಲಿ ನಿಂತರು. ಆ ಪಂದ್ಯ ನಾವು ಸೋತೆವು. ಮುಂದಿನ ವಾರ ಅವರು ಆಡುವವರ ಹೆಸರು ಬರೆದಾಗ ಲೆಫ್ಟ್ ಬ್ಯಾಕ್ ಜಾಗದಲ್ಲಿ ಮತ್ತೆ ನನ್ನ ಹೆಸರೇ ಇತ್ತು. ಇಷ್ಟು ವರ್ಷ ಆದರೂ ಅದನ್ನು ಬರೆಯುವಾಗ ಕಣ್ಣು ತುಂಬುತ್ತದೆ.

ಮಗಳಿಗೆ ಸದ್ಯಕ್ಕೆ ಎರಡು ಕೆಲಸ ಸಾಕು. ತಪ್ಪು ಮಾಡಿದ ಹುಡುಗಿಯ ಹತ್ತಿರ ಮೊದಲು ಹೋಗಲಿ. ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬರಲಿ. ಉಳಿದದ್ದು ತಾನಾಗಿಯೇ ಬರುತ್ತದೆ.

ಪ್ರಶ್ನೆ: ಬರೀ ಯುರೋಪಿನವರೇ ಆಯಿತು. ನಮ್ಮ ದೇಶದ ಕ್ಲಬ್ ಕ್ಯಾಪ್ಟನ್‌ಗಳು ಲೆಕ್ಕಕ್ಕಿಲ್ಲವೇ?
(ನಿವೃತ್ತ ಶಿಕ್ಷಕರು, ಮಡಿಕೇರಿ)

ಉತ್ತರ: ಖಂಡಿತ ಇದ್ದಾರೆ ಮೇಷ್ಟ್ರೇ. ನಮ್ಮ ಜಿಲ್ಲೆಯಲ್ಲಿ ಕ್ಯಾಪ್ಟನ್ ಅಂದ ಕೂಡಲೇ ಹಾಕಿ ನೆನಪಾಗುತ್ತದೆ, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡದ ಎಂ.ಪಿ. ಗಣೇಶ್, 1988ರ ಸೋಲ್ ಒಲಿಂಪಿಕ್ಸ್‌ನ ಎಂ.ಎಂ. ಸೋಮಯ್ಯ. ಅದರಿಂದ ಫುಟ್‌ಬಾಲ್ ಕ್ಯಾಪ್ಟನ್‌ಗಳ ಕಡೆ ನಮ್ಮ ಗಮನ ಕಡಿಮೆ.

ಮೊದಲು ಹೇಳಬೇಕಾದ ಹೆಸರು ಮೋಹನ್ ಬಗಾನ್‌ನ ಶಿಬ್‌ದಾಸ್ ಭಾದುರಿ. 1911ರ ಜುಲೈ 29, ಕಲ್ಕತ್ತಾ, ಐಎಫ್‌ಎ ಶೀಲ್ಡ್ ಫೈನಲ್. ಎದುರಿಗೆ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬ್ರಿಟಿಷ್ ಸೈನಿಕರು, ಕಾಲಿಗೆ ಬೂಟು. ನಮ್ಮವರಲ್ಲಿ ಒಬ್ಬನನ್ನು ಬಿಟ್ಟರೆ ಎಲ್ಲ ಬರಿಗಾಲು. ಒಂದು ಗೋಲು ಹಿಂದೆ ಬಿದ್ದಾಗ ಸಮ ಮಾಡಿದ್ದು ಕ್ಯಾಪ್ಟನ್ ಭಾದುರಿಯೇ, ಆಮೇಲೆ ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. 2-1. ಆ ಶೀಲ್ಡ್ ಗೆದ್ದ ಮೊದಲ ಭಾರತೀಯ ತಂಡ. ಕೀನ್, ಆಡಮ್ಸ್ ಯಾರಿಗೂ ಅಂಥ ಎದುರಾಳಿ ಇರಲಿಲ್ಲ, ದೇಶವನ್ನೇ ಆಳುತ್ತಿದ್ದವರ ಸೈನ್ಯ ಅದು. ಅದೇ ಕ್ಲಬ್ಬಿನ ಶೈಲೇನ್ ಮನ್ನಾ 1942ರಿಂದ 1960ರವರೆಗೆ ಬೇರೆಲ್ಲೂ ಹೋಗದೆ ಆಡಿದರು, 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ಭಾರತದ ಕ್ಯಾಪ್ಟನ್ ಅವರೇ.

ನಮ್ಮ ಕಾಲಕ್ಕೆ ಬಂದರೆ ಬೆಂಗಳೂರು ಎಫ್‌ಸಿಗೆ ಕ್ಯಾಪ್ಟನ್ ಆದ ಸುನಿಲ್ ಚೆಟ್ರಿ. ಆ ಕ್ಲಬ್ ಹುಟ್ಟಿದ್ದೇ 2013ರಲ್ಲಿ. ಹೊಸ ಕ್ಲಬ್ಬಿಗೆ ಹಳೆಯ ಅಭಿಮಾನಿಗಳು ಇರುವುದಿಲ್ಲ, ಪರಂಪರೆ ಇರುವುದಿಲ್ಲ, ಎಲ್ಲ ಕಟ್ಟಿಕೊಳ್ಳಬೇಕು. ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಕೈಗೆ ಬಂತು. ನಾನು ಕಂಠೀರವದಲ್ಲಿ ಅವರ ಆಟ ನೋಡಿದ್ದೇನೆ. ಚೆಂಡು ಆ ಕಡೆ ಇರುವಾಗಲೂ ಅವರು ಹುಡುಗರಿಗೆ ಕೈ ತೋರಿಸಿ ಜಾಗ ಹೇಳುತ್ತಲೇ ಇರುತ್ತಾರೆ. ಟಿವಿಯಲ್ಲಿ ಅದು ಕಾಣುವುದಿಲ್ಲ.

ಪ್ರಶ್ನೆ: ಫೈನಲ್ ಆಡದೆಯೇ ಕಪ್ ಗೆದ್ದ ಕ್ಯಾಪ್ಟನ್ ಇದ್ದಾರಾ?
(ಓದುಗರು, ಪೊನ್ನಂಪೇಟೆ)

ಉತ್ತರ: ಇದ್ದಾರೆ. ಕೀನ್ ಕತೆ ಮೇಲೆ ಹೇಳಿದೆ. 1999ರ ಫೈನಲ್ ದಿನ ಕ್ಯಾಪ್ಟನ್ ಪಟ್ಟಿ ಗೋಲ್‌ಕೀಪರ್ ಪೀಟರ್ ಷ್ಮೈಕಲ್ ತೋಳಲ್ಲಿತ್ತು.

ಇನ್ನೊಬ್ಬ ಬರೇಸಿ. 1994ರ ಮೇ 18, ಅಥೆನ್ಸ್, ಚಾಂಪಿಯನ್ಸ್ ಲೀಗ್ ಫೈನಲ್, ಮಿಲಾನ್ ಎದುರಿಗೆ ಬಾರ್ಸಿಲೋನಾ. ಬರೇಸಿ, ಕೊಸ್ಟಾಕುರ್ಟಾ ಇಬ್ಬರೂ ಅಮಾನತಾಗಿ ಹೊರಗೆ. ನಡುವಿನ ಡಿಫೆನ್ಸ್ ಎರಡೂ ಖಾಲಿ. ಕ್ಯಾಪ್ಟನ್ ಪಟ್ಟಿ ಟಸ್ಸೊಟ್ಟಿಗೆ ಹೋಯಿತು. ಮಿಲಾನ್ ಉಳಿಯೋದು ಕಷ್ಟ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಆ ರಾತ್ರಿ ಮಿಲಾನ್ 4-0ರಲ್ಲಿ ಗೆದ್ದಿತು, ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಎಡಗಡೆ ಆಡುತ್ತಿದ್ದ 25 ವರ್ಷದ ಹುಡುಗನೊಬ್ಬ ಅವತ್ತು ನಡುವಿಗೆ ಬಂದು ಬರೇಸಿಯ ಜಾಗದಲ್ಲಿ ನಿಂತಿದ್ದ. ಅವನೇ ಮಾಲ್ಡಿನಿ.